ಮೂರು ಮಳೆಗಾಲ ಕಳೆದ ಎಸ್‌ಕ್ಯೂಲೈಟ್

ನಮ್ಮೂರ ಗ್ರಂಥಾಲಯದ ಕಂಪ್ಯೂಟರಿಗೆ ಒಂದು ಕಾಯಿಲೆ ಇತ್ತು. ಕರೆಂಟು ಹೋಗಿ ಬಂದರೆ ಅದು ಏಳುತ್ತಿತ್ತು, ಅದರೊಳಗಿನ ಡೇಟಾಬೇಸ್ ಸರ್ವರ್ (ಮಾಹಿತಿ ಇಟ್ಟುಕೊಂಡು, ಕೇಳಿದಾಗ ಕೊಡುವ ಪ್ರೋಗ್ರಾಮ್) ಮಾತ್ರ ಏಳುತ್ತಿರಲಿಲ್ಲ. ಸಾಗರ ಸೀಮೆಯ ಮಳೆಗಾಲ ಗೊತ್ತಲ್ಲ, ದಿನಕ್ಕೆ ಐದಾರು ಸಲ ಕರೆಂಟು ಕೈಕೊಡುತ್ತದೆ. ಪ್ರತಿ ಸಲವೂ ಗ್ರಂಥಾಲಯ ನೋಡಿಕೊಳ್ಳುವ ಮೇಷ್ಟ್ರು ಫೋನ್ ಮಾಡುತ್ತಿದ್ದರು. "ತಂಗೀ, ಮತ್ತೆ ಕನೆಕ್ಟ್ ಆಗ್ತಾ ಇಲ್ಲ ಅಂತ ಇಂಗ್ಲಿಷಲ್ಲಿ ಬೈತಾ ಇದೆ ನೋಡು."

ತಪ್ಪು ನನ್ನದೇ. ನಾನು ಒಂದು ಪದವಿ ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಡೇಟಾಬೇಸ್ (ಡಿಬಿಎಂಎಸ್) ಲ್ಯಾಬ್ ಮಾಡಿಸುವವಳು. ಅಲ್ಲಿ ಹಾಕುವ ಡೇಟಾಬೇಸ್ ಸರ್ವರ್ ಮೈಎಸ್‌ಕ್ಯೂಎಲ್ ಅನ್ನೇ ಇಲ್ಲೂ ಹಾಕಿಕೊಟ್ಟಿದ್ದೆ. ಕಂಪ್ಯೂಟರ್ ಜತೆಗೇ ಅದೂ ಶುರುವಾಗುವಂತೆ ಸರಿಯಾಗಿ ಸೆಟ್ ಮಾಡಿರಲಿಲ್ಲ. ಅದನ್ನು ಸರಿ ಮಾಡಬಹುದಿತ್ತು. ಆದರೆ ಇರುವುದು 9,400 ಪುಸ್ತಕ, 312 ಸದಸ್ಯರು, ಒಂದೇ ಒಂದು ಹಳೆ ಕಂಪ್ಯೂಟರ್. ಎರಡು ಲೋಟ ಕಾಫಿಗೆ ಮದುವೆ ಮನೆಯ ಒಲೆ ಹೂಡಿದ ಹಾಗಾಗಿತ್ತು. 2022ರ ಮಳೆ ಹಿಡಿಯುವ ಮೊದಲು ಇಡೀ ವ್ಯವಸ್ಥೆಯನ್ನು, ಸರ್ವರ್ ಇಲ್ಲದೆ ಒಂದೇ ಫೈಲಿನಲ್ಲಿ ನಡೆಯುವ ಡೇಟಾಬೇಸ್ ಆದ ಎಸ್‌ಕ್ಯೂಲೈಟ್‌ಗೆ ಬದಲಾಯಿಸಿದೆ. ಮೂರು ಮಳೆಗಾಲ ಬಳಸಿದ ಮೇಲೆ ಈಗ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ನಮ್ಮಲ್ಲಿ ಬಹಳ ಜನ ಸೀಕ್ವಲೈಟ್ ಅನ್ನುತ್ತಾರೆ. ಇದನ್ನು ಬರೆದ ರಿಚರ್ಡ್ ಹಿಪ್ ಅವರು ಎಸ್-ಕ್ಯೂ-ಎಲ್-ಐಟ್ ಅನ್ನುತ್ತಾರೆ, ಗ್ರಾಫೈಟ್ ಥರ ಒಂದು ಖನಿಜದ ಹೆಸರಿನ ಹಾಗೆ. ಯಾವುದಾದರೂ ಅನ್ನಿ, ಅದಕ್ಕೆ ಬೇಜಾರಿಲ್ಲ.

ಹಿಪ್ ಅವರ ಕತೆ ಓದಿದಾಗ ನನಗೆ ನಮ್ಮ ಮೇಷ್ಟ್ರ ಫೋನೇ ನೆನಪಾಯಿತು. ಅವರು ಅಮೆರಿಕದ ನೌಕಾಪಡೆಯ ಒಂದು ಯುದ್ಧನೌಕೆಗೆ ಸಾಫ್ಟ್‌ವೇರ್ ಬರೆಯುತ್ತಿದ್ದರಂತೆ. ಹಡಗಿಗೆ ಪೆಟ್ಟು ಬಿದ್ದು ಪೈಪು ಒಡೆದರೆ ಯಾವ ಯಾವ ವಾಲ್ವ್ ಮುಚ್ಚಬೇಕು ಎಂದು ಲೆಕ್ಕ ಹಾಕಿ ಹೇಳುವ ಕೆಲಸ. ಮಾಹಿತಿಯೆಲ್ಲ ಒಂದು ಡೇಟಾಬೇಸ್ ಸರ್ವರಿನಲ್ಲಿತ್ತು. ಆ ಸರ್ವರ್ ಮಲಗಿದರೆ ಇವರ ಪ್ರೋಗ್ರಾಮ್ ಏನೂ ಮಾಡಲಾಗದೆ ಕನೆಕ್ಟ್ ಆಗುತ್ತಿಲ್ಲ ಎಂದು ಕೂರುತ್ತಿತ್ತು. ಸರ್ವರೇ ಇಲ್ಲದೆ ನೇರವಾಗಿ ಫೈಲಿನಿಂದ ಯಾಕೆ ಓದಬಾರದು ಎಂಬ ಯೋಚನೆ ಅಲ್ಲಿ ಹುಟ್ಟಿತು. ಮೊದಲ ಆವೃತ್ತಿ ಬಂದದ್ದು 2000ನೇ ಇಸವಿಯ ಆಗಸ್ಟ್‌ನಲ್ಲಿ. ಯುದ್ಧನೌಕೆಗೂ ನಮ್ಮೂರ ಗ್ರಂಥಾಲಯಕ್ಕೂ ಒಂದೇ ಕಾಯಿಲೆ!

ಹಾಗಾಗಿ ಇದರಲ್ಲಿ ಇನ್‌ಸ್ಟಾಲ್ ಮಾಡುವುದು ಅಂತ ಹೆಚ್ಚೇನೂ ಇಲ್ಲ. ಯೂಸರ್ ಇಲ್ಲ, ಪಾಸ್‌ವರ್ಡ್ ಇಲ್ಲ, ಪೋರ್ಟ್ ನಂಬರ್ ಇಲ್ಲ. ಇಡೀ ಲೈಬ್ರರಿ ಒಂದು ಎಂಬಿಗಿಂತ ಚಿಕ್ಕದು (ಸಾಫ್ಟ್‌ವೇರ್ ಲೈಬ್ರರಿ, ನಮ್ಮೂರದ್ದಲ್ಲ). ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದ್ದರೆ ಅದೂ ಬೇಡ, 2006ರಲ್ಲಿ ಬಂದ 2.5ನೇ ಆವೃತ್ತಿಯಿಂದಲೂ ಪೈಥಾನಿನ ಒಳಗೇ ಇದು ಇದೆ. ನಿಮ್ಮ ಫೋನಿನಲ್ಲೂ ಇದೆ. ಆಂಡ್ರಾಯ್ಡ್, ಐಫೋನ್, ಕ್ರೋಮ್, ಫೈರ್‌ಫಾಕ್ಸ್, ವಾಟ್ಸಾಪ್, ಎಲ್ಲವೂ ತಮ್ಮ ಗಂಟನ್ನು ಎಸ್‌ಕ್ಯೂಲೈಟ್ ಫೈಲಿನಲ್ಲೇ ಕಟ್ಟಿಡುತ್ತವೆ. ನಮ್ಮ 9,400 ಪುಸ್ತಕಗಳ ಪಟ್ಟಿ, ಸದಸ್ಯರು, ಕೊಟ್ಟ-ತಂದ ಲೆಕ್ಕ, ಹುಡುಕುವ ಸೂಚಿ ಎಲ್ಲ ಸೇರಿ ಒಂದೇ ಫೈಲು, 6 ಎಂಬಿ. ವಾಟ್ಸಾಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ವಿಡಿಯೋ ಇದಕ್ಕಿಂತ ದೊಡ್ಡದಿರುತ್ತದೆ.

ಬೆಲೆ? ಸೊನ್ನೆ. ಬರೀ ಉಚಿತ ಅಲ್ಲ, ಅದರ ಮೇಲೆ ಯಾರ ಹಕ್ಕೂ ಇಲ್ಲ. ಕೋಡ್ ಫೈಲಿನ ತಲೆಯಲ್ಲಿ ಕಾಪಿರೈಟ್ ನೋಟೀಸಿನ ಜಾಗದಲ್ಲಿ ಒಂದು ಹರಕೆಯ ಮಾತಿದೆ: ಒಳ್ಳೆಯದು ಮಾಡಿ, ಕೊಟ್ಟದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎಂಬ ಅರ್ಥದ್ದು. ಇದನ್ನು ನಂಬದೆ ಲೈಸೆನ್ಸ್ ಕಾಗದ ಬೇಕೇ ಬೇಕು ಅನ್ನುವ ಕಂಪನಿಗಳಿಗೆ ಕಾಗದವನ್ನು ದುಡ್ಡಿಗೆ ಮಾರುತ್ತಾರೆ. ಜಾಣರು.

ಕರೆಂಟಿನ ವಿಷಯಕ್ಕೆ ಬರುತ್ತೇನೆ, ನನಗೆ ಮುಖ್ಯವಾದದ್ದು ಅದೇ. ಗ್ರಂಥಾಲಯಕ್ಕೆ ಯುಪಿಎಸ್ ಇದೆ, ಹೆಸರಿಗೆ. ಬದಲಾಯಿಸಿದ ಹೊಸತರಲ್ಲಿ ಒಂದು ಪರೀಕ್ಷೆ ಮಾಡಿದೆ. ಒಂದೇ ವ್ಯವಹಾರದಲ್ಲಿ (ಟ್ರಾನ್ಸಾಕ್ಷನ್, ಅಂದರೆ ಎಲ್ಲವೂ ಆಗಬೇಕು, ಇಲ್ಲವೇ ಒಂದೂ ಆಗಬಾರದು) ಐನೂರು ದಾಖಲೆ ಸೇರಿಸುವ ಪ್ರೋಗ್ರಾಮ್ ಓಡಿಸಿ, ನಡುವೆ ಸ್ವಿಚ್ ತೆಗೆದೆ. ಮೇಷ್ಟ್ರು "ಏ ಮಾರಾಯ್ತಿ!" ಅಂತ ಎದ್ದೇ ನಿಂತರು. ಮತ್ತೆ ಆನ್ ಮಾಡಿ ನೋಡಿದರೆ ಐನೂರರಲ್ಲಿ ಒಂದೂ ಇಲ್ಲ, ಹಳೆಯದೆಲ್ಲ ಇದ್ದ ಹಾಗೇ ಇದೆ. ಹಾಗೇ ಇರಬೇಕಾದದ್ದು. ಅರ್ಧ ಸೇರಿ ಅರ್ಧ ಬಿಟ್ಟಿದ್ದರೆ ಅದೇ ತಲೆನೋವು.

ಇದು ಮಾಡುವುದು ಇಷ್ಟು. ಫೈಲಿನ ಒಂದು ಪುಟ ಬದಲಾಯಿಸುವ ಮೊದಲು ಹಳೆ ಪುಟದ ನಕಲನ್ನು ಪಕ್ಕದ ಇನ್ನೊಂದು ಫೈಲಿನಲ್ಲಿ ಬರೆದಿಡುತ್ತದೆ. ಅದಕ್ಕೆ ಜರ್ನಲ್ ಎನ್ನುತ್ತಾರೆ. ಕೆಲಸ ಪೂರ್ತಿ ಆದರೆ ಜರ್ನಲ್ ಅಳಿಸುತ್ತದೆ. ನಡುವೆ ಕರೆಂಟು ಹೋದರೆ ಜರ್ನಲ್ ಉಳಿದಿರುತ್ತದೆ. ಮುಂದಿನ ಸಲ ಫೈಲ್ ತೆರೆದ ಕೂಡಲೇ ಅದನ್ನು ಕಂಡು, ಹಳೆ ಪುಟಗಳನ್ನು ವಾಪಸ್ ಕೂರಿಸುತ್ತದೆ. ಯಾರೂ ಏನೂ ಒತ್ತಬೇಕಾಗಿಲ್ಲ. ಮೂರು ಮಳೆಗಾಲದಲ್ಲಿ ಕರೆಂಟಿನ ಕಾರಣಕ್ಕೆ ನಮಗೆ ಫೈಲ್ ಕೆಟ್ಟದ್ದಿಲ್ಲ. ಮೇಷ್ಟ್ರ ಫೋನೂ ಕಡಿಮೆಯಾಯಿತು.

ಹಾಗಂತ ಪೂರ್ತಿ ನಿಲ್ಲಲಿಲ್ಲ. ಮೊದಲ ವರ್ಷದ ಕೊನೆಗೆ ಬಂದ ಫೋನ್ ಬೇರೆ ಥರದ್ದು. "ತಂಗೀ, ನಿನ್ನ ಕಂಪ್ಯೂಟರ್ ಹನ್ನೆರಡು ಸಾವಿರ ನುಂಗಿದೆ."

ಸದಸ್ಯತ್ವದ ಚಂದಾ ವರ್ಷಕ್ಕೆ 120 ರೂಪಾಯಿ. 312 ಜನ ಕೊಟ್ಟಿದ್ದಾರೆ, ರಸೀದಿ ಪುಸ್ತಕದಲ್ಲಿ 37,440 ಇದೆ, ಕೈಯಲ್ಲಿ ದುಡ್ಡೂ ಅಷ್ಟೇ ಇದೆ. ಕಂಪ್ಯೂಟರ್ ಮಾತ್ರ ಒಟ್ಟು 24,960 ಅನ್ನುತ್ತಿದೆ. ಒಂದು ಭಾನುವಾರ ಪೂರಾ ಕೂತೆ. 312 ಹೆಸರೂ ಇವೆ. ಪ್ರತಿ ಹೆಸರಿನ ಎದುರೂ ಹಣ ಇದೆ. ಕೂಡಿಸಿದರೆ ಕಡಿಮೆ. ಕೊನೆಗೆ ಕಣ್ಣಿಗೆ ಬಿತ್ತು: 208 ಸಾಲಿನಲ್ಲಿ 120 ಅಂತ ಇದೆ, 104 ಸಾಲಿನಲ್ಲಿ ೧೨೦ ಅಂತ ಇದೆ.

ಸಂಜೆ ಹೊತ್ತು ಬರುವ ಹುಡುಗಿ ಇಂಗ್ಲಿಷ್ ಅಂಕಿ ಒತ್ತುತ್ತಿದ್ದಳು. ಮೇಷ್ಟ್ರು ಕನ್ನಡ ಅಂಕಿ. ನಲವತ್ತು ವರ್ಷ ಕನ್ನಡ ಕಲಿಸಿದವರು, ಅವರನ್ನು ಬೈಯಲು ಆಗುತ್ತದಾ? ಬೈಯಬೇಕಾದ್ದೂ ಅಲ್ಲ. ಆ ಕಾಲಮ್ಮಿಗೆ ನಾನು ಪೂರ್ಣಾಂಕ ಎಂದು ಹೇಳಿದ್ದೆ. ಬೇರೆ ಡೇಟಾಬೇಸ್ ಆಗಿದ್ದರೆ ೧೨೦ ಕಂಡ ಕೂಡಲೇ ಇದು ಅಂಕಿ ಅಲ್ಲ ಎಂದು ತಳ್ಳುತ್ತಿತ್ತು. ಎಸ್‌ಕ್ಯೂಲೈಟ್ ತಳ್ಳುವುದಿಲ್ಲ. ಅಂಕಿಯಾಗಿ ಓದಲು ನೋಡುತ್ತದೆ, ಆಗದಿದ್ದರೆ ಅಕ್ಷರವಾಗಿಯೇ ಇಟ್ಟುಕೊಳ್ಳುತ್ತದೆ. ಕೂಡಿಸುವಾಗ ಅಂಥದ್ದಕ್ಕೆ ಸೊನ್ನೆ ಹಿಡಿಯುತ್ತದೆ. ಎಚ್ಚರಿಕೆಯ ಒಂದು ಸಾಲೂ ಇಲ್ಲ.

ಇದು ಬಗ್ ಅಲ್ಲ, ಬೇಕೆಂದೇ ಹೀಗೆ ಮಾಡಿದ್ದಾರೆ, ಅದರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಓದಿರಲಿಲ್ಲ ಅಷ್ಟೇ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ದುಡ್ಡಿನ ಲೆಕ್ಕಕ್ಕೆ ಈ ಸ್ವಭಾವ ಒಳ್ಳೆಯದಲ್ಲ. ಕೆಲವು ಮನೆಯ ಅಟ್ಟ ಇರುತ್ತವಲ್ಲ, ಏನು ಕೊಟ್ಟರೂ ಒಳಗೆ ಹಾಕಿಕೊಳ್ಳುತ್ತವೆ. ಹುಡುಕುವಾಗ ಗೊತ್ತಾಗುತ್ತದೆ.

2021ರ ಕೊನೆಗೆ ಬಂದ 3.37ನೇ ಆವೃತ್ತಿಯಿಂದ ಸ್ಟ್ರಿಕ್ಟ್ ಟೇಬಲ್ ಎಂಬ ಸೌಲಭ್ಯ ಇದೆ. ಟೇಬಲ್ ಮಾಡುವಾಗ ಆ ಒಂದು ಪದ ಸೇರಿಸಿದರೆ ಬೇರೆ ಜಾತಿಯ ಮೌಲ್ಯ ಬಂದಾಗ ತಪ್ಪು ಎನ್ನುತ್ತದೆ. ನಮಗೆ ಅದೂ ದಕ್ಕಲಿಲ್ಲ. ಗ್ರಂಥಾಲಯದ್ದು ವಿಂಡೋಸ್ 7, ಅದರಲ್ಲಿ ಓಡುವ ಹಳೆ ಪೈಥಾನಿನೊಳಗಿನ ಎಸ್‌ಕ್ಯೂಲೈಟ್ ಇನ್ನೂ ಹಳೆಯದು. ಅಂಥ ಹಳೆ ಆವೃತ್ತಿಗೆ ಸ್ಟ್ರಿಕ್ಟ್ ಟೇಬಲ್ ಇರುವ ಫೈಲನ್ನೇ ಓದಲು ಬರುವುದಿಲ್ಲ. ಕೊನೆಗೆ ಚೆಕ್ ನಿಯಮ ಹಾಕಿದೆ: ಈ ಕಾಲಮ್ಮಿನ ಮೌಲ್ಯದ ಜಾತಿ (ಟೈಪ್ಆಫ್) ಪೂರ್ಣಾಂಕವೇ ಆಗಿರಬೇಕು ಎಂದು. ಇದು ಹಳೆಯದರಲ್ಲೂ ನಡೆಯುತ್ತದೆ. ೧೨೦ ಬಾಗಿಲಲ್ಲೇ ನಿಲ್ಲುತ್ತದೆ.

ಆದರೆ ಮೇಷ್ಟ್ರನ್ನು ಬಾಗಿಲಲ್ಲಿ ನಿಲ್ಲಿಸುವುದು ನನಗೆ ಸರಿ ಕಾಣಲಿಲ್ಲ. ಆಗ ಗೊತ್ತಾದ ಒಂದು ಸಂಗತಿ ಇಡೀ ವಾರ ಖುಷಿ ಕೊಟ್ಟಿತು. ಪೈಥಾನಿಗೆ ಕನ್ನಡ ಅಂಕಿ ಬರುತ್ತದೆ! ಇಂಟ್ ಎಂಬ ಅದರ ಫಂಕ್ಷನ್ನಿಗೆ ೧೨೦ ಎಂಬ ಅಕ್ಷರಮಾಲೆ ಕೊಟ್ಟರೆ ತೆಪ್ಪಗೆ 120 ಮಾಡಿ ಕೊಡುತ್ತದೆ. ಡೇಟಾಬೇಸಿಗೆ ಹೋಗುವ ಮೊದಲು ಆ ಒಂದು ಕರೆ ಸೇರಿಸಿದೆ, ಮುಗಿಯಿತು. ಮೇಷ್ಟ್ರು ಈಗಲೂ ಕನ್ನಡ ಅಂಕಿಯನ್ನೇ ಒತ್ತುತ್ತಾರೆ.

ಅಂಕಿ ಆಯಿತು, ಇನ್ನು ಅಕ್ಷರ. ಎಸ್‌ಕ್ಯೂಲೈಟ್ ಕನ್ನಡವನ್ನು ಚೆನ್ನಾಗಿ ಇಟ್ಟುಕೊಳ್ಳುತ್ತದೆ, ಓದಲು ಮಾತ್ರ ಬರುವುದಿಲ್ಲ. ಲ್ಯಾಬಿನಲ್ಲಿ ಮಕ್ಕಳಿಗೆ ಮೊದಲ ದಿನವೇ ಕೇಳುತ್ತೇನೆ, ಕನ್ನಡ ಎಂಬ ಪದದ ಉದ್ದ ಎಷ್ಟು? ಮೂರು ಅನ್ನುತ್ತಾರೆ. ಲೆಂತ್ ಫಂಕ್ಷನ್ 5 ಅನ್ನುತ್ತದೆ. ಕ, ನ, ಅರ್ಧಾಕ್ಷರದ ಆ ಚಿಹ್ನೆ, ಇನ್ನೊಂದು ನ, ಡ. ಇದೊಂದು ತಲೆಗೆ ಹೋದರೆ ಮುಂದಿನ ತೊಂದರೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಅಕಾರಾದಿಯನ್ನು ನೋಡಿ. ಎಸ್‌ಕ್ಯೂಲೈಟ್ ಪದಗಳನ್ನು ಜೋಡಿಸುವುದು ಯೂನಿಕೋಡ್ ಸಂಖ್ಯೆಯ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಕೊಟ್ಟ ಸಂಖ್ಯೆ) ಪ್ರಕಾರ. ನಮ್ಮ ಪುಣ್ಯಕ್ಕೆ ಕನ್ನಡದ ಸಂಖ್ಯೆಗಳು ಬಹುಪಾಲು ವರ್ಣಮಾಲೆಯ ಕ್ರಮದಲ್ಲೇ ಇವೆ. ಒಂದು ಅಕ್ಷರ ಬಿಟ್ಟು. ನಾವು ಯರಲವಶಷಸಹಳ ಅಂತ ಬಾಯಿಪಾಠ ಮಾಡಿದವರು, ಳ ಕೊನೆಗೆ. ಯೂನಿಕೋಡ್‌ನಲ್ಲಿ ಳ ಬಂದು ಲ ಪಕ್ಕ ಕೂತಿದೆ. ಹಾಗಾಗಿ ನಮ್ಮ ಪಟ್ಟಿಯಲ್ಲಿ ಬಳ್ಳಾರಿ ಮೊದಲು ಬಂದು ಬಸವಣ್ಣ ಆಮೇಲೆ ಬರುತ್ತಿದ್ದ. ನನ್ನ ಕಣ್ಣಿಗೆ ಇದು ಬಿದ್ದಿರಲೇ ಇಲ್ಲ. ಮೇಷ್ಟ್ರು ಮೊದಲ ಪ್ರಿಂಟ್ ತೆಗೆದು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಕೊಟ್ಟರು, ಉತ್ತರಪತ್ರಿಕೆ ಕೊಟ್ಟ ಹಾಗೆ.

ಪರಿಹಾರ ತಮಾಷೆಯಾಗಿದೆ. ಯೂನಿಕೋಡಿನ ಕನ್ನಡ ಬೀದಿಯಲ್ಲಿ ಹ ಆದ ಕೂಡಲೇ ಒಂದು ಖಾಲಿ ಮನೆ ಇದೆ, ಯಾವ ಅಕ್ಷರಕ್ಕೂ ಕೊಟ್ಟಿಲ್ಲ. ಹೋಲಿಸುವ ಹೊತ್ತಿಗೆ ಮಾತ್ರ ಳ-ವನ್ನು ಆ ಖಾಲಿ ಮನೆಗೆ ಕಳಿಸಿದರೆ ಸಾಕು, ಕ್ರಮ ಸರಿಯಾಗುತ್ತದೆ. ಪೈಥಾನಿನಲ್ಲಿ ನಮ್ಮದೇ ಹೋಲಿಕೆಯ ನಿಯಮ ಬರೆದು ಎಸ್‌ಕ್ಯೂಲೈಟ್‌ಗೆ ಕಲಿಸಬಹುದು, ನಾಲ್ಕು ಸಾಲಿನ ಕೆಲಸ. ಮೊದಲು ಹಾಗೇ ಮಾಡಿದೆ. ಆಮೇಲೆ ಅದೇ ಫೈಲನ್ನು, ಇಂಥ ಫೈಲು ತೆರೆದು ನೋಡುವ ಪ್ರೋಗ್ರಾಮ್ ಆದ ಡಿಬಿ ಬ್ರೌಸರ್‌ನಲ್ಲಿ ತೆರೆದರೆ ಈ ಜೋಡಣೆಯ ನಿಯಮ ನನಗೆ ಗೊತ್ತಿಲ್ಲ ಎಂದು ಅದು ಮುನಿಸಿಕೊಂಡಿತು. ಸರಿಯೇ, ನಿಯಮ ಇರುವುದು ನನ್ನ ಪ್ರೋಗ್ರಾಮಿನಲ್ಲಿ, ಫೈಲಿನಲ್ಲಲ್ಲ. ಈಗ ಬೇರೆ ಒಂದು ಕಾಲಮ್ಮಿನಲ್ಲೇ ಜೋಡಣೆಗೆ ಬೇಕಾದ ರೂಪ ಬರೆದಿಟ್ಟಿದ್ದೇನೆ. ಚಂದ ಕಾಣುವುದಿಲ್ಲ, ಆದರೆ ಎಲ್ಲಿ ತೆರೆದರೂ ನಡೆಯುತ್ತದೆ.

ಹುಡುಕುವುದು ಇನ್ನೂ ಸ್ವಾರಸ್ಯ. ಇದರೊಳಗೆ ಎಫ್‌ಟಿಎಸ್5 ಎಂಬ ಪಠ್ಯ ಹುಡುಕುವ ವ್ಯವಸ್ಥೆ ಇದೆ, ತುಂಬ ವೇಗ. ಅದನ್ನು ಹಾಕಿ, ಮೇಷ್ಟ್ರ ಎದುರು ಜಂಭದಿಂದ ಕಾಡು ಅಂತ ಹುಡುಕಿದೆ. ಕಾಡಿನ ಪುಸ್ತಕಗಳು ಬಂದವು. ಜತೆಗೆ ಕೇಡು, ಕೋಡು, ಕೂಡು ಎಲ್ಲ ಬಂದವು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು "ಇದಕ್ಕೆ ಕಾಗುಣಿತ ಕಲಿಸಿಲ್ವಾ?" ಅಂದರು. ಅಕ್ಷರಶಃ ಅದೇ ಆಗಿತ್ತು. ಸುಮ್ನೆ ಹಾಕಿದರೆ ಎಫ್‌ಟಿಎಸ್5 ಮೂಲಾಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಎಂದು ಎಣಿಸುತ್ತದೆ. ನಮ್ಮ ದೀರ್ಘ, ಕೊಂಬು, ಗುಡಿಸು, ಒತ್ತು ಯಾವುದೂ ಅದರ ಲೆಕ್ಕಕ್ಕಿಲ್ಲ. ಅಲ್ಪವಿರಾಮದ ಹಾಗೆ ಅವುಗಳ ಹತ್ತಿರ ಪದವನ್ನು ಕತ್ತರಿಸುತ್ತದೆ. ಕಾಡು ಎಂದರೆ ಅದಕ್ಕೆ ಕ, ಡ.

ಇದಕ್ಕೆ ಮದ್ದು ಒಂದೇ ಸಾಲು. ಟೇಬಲ್ ಮಾಡುವಾಗ, ಪಠ್ಯವನ್ನು ಪದಗಳಾಗಿ ಬಿಡಿಸುವ ಯೂನಿಕೋಡ್61 ಟೋಕನೈಸರ್‌ಗೆ ಕೆಟಗರೀಸ್ ಎಂಬ ಆಯ್ಕೆ ಕೊಟ್ಟು, ಮೊದಲೇ ಇರುವ ಅಕ್ಷರ ಮತ್ತು ಅಂಕಿಯ ವರ್ಗಗಳ ಜತೆ ಎಂಎನ್, ಎಂಸಿ ಎಂಬ ಎರಡು ವರ್ಗ ಸೇರಿಸಬೇಕು. ಕಾಗುಣಿತದ ಚಿಹ್ನೆಗಳೆಲ್ಲ ಆ ಎರಡರಲ್ಲಿವೆ. ಕನ್ನಡದಲ್ಲಿ ಏನೇ ಹುಡುಕುವ ಸಾಫ್ಟ್‌ವೇರ್ ಬರೆಯುವವರು ಇದೊಂದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ನಾನು ಎರಡು ರಾತ್ರಿ ಕಳೆದಿದ್ದೇನೆ.

ವಿಭಕ್ತಿ ಪ್ರತ್ಯಯ ಅದಕ್ಕೆ ಆಗಲೂ ಗೊತ್ತಾಗುವುದಿಲ್ಲ. ಕಾಡು ಎಂದರೆ ಕಾಡಿನ, ಕಾಡಿನಲ್ಲಿ ಸಿಗುವುದಿಲ್ಲ. ಕಾಡ ಎಂದು ಬರೆದು ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಹಾಗೆ ಶುರುವಾಗುವ ಎಲ್ಲವನ್ನೂ ಕೊಡುತ್ತದೆ. ಕಣ್ಣಿಗೆ ಹಚ್ಚುವ ಕಾಡಿಗೆಯೂ ಬರುತ್ತದೆ, ಬರಲಿ.

ಇನ್ನೊಂದು ಗೋಜಲು ಎಸ್‌ಕ್ಯೂಲೈಟ್‌ದಲ್ಲ, ನಮ್ಮ ಹಳೆ ಪಟ್ಟಿಯದು. ಅದು ಹಿಂದಿನ ಕಾಲದ ನುಡಿ ತಂತ್ರಾಂಶದ ಅಕ್ಷರದಲ್ಲಿತ್ತು, ಯೂನಿಕೋಡಿಗೆ ಪರಿವರ್ತಿಸಿದ್ದೆವು. ಪರಿವರ್ತನೆಯಲ್ಲಿ ಕೆಲವು ಕಡೆ ಕೋ ಎಂಬ ಅಕ್ಷರ ಕ ಮತ್ತು ಒಂದು ಚಿಹ್ನೆಯಾಗಿ ಬಂದಿತ್ತು, ಕೆಲವು ಕಡೆ ಕೊ ಆಗಿ ಅದರ ಮುಂದೆ ದೀರ್ಘ ಬೇರೆಯಾಗಿ. ಕಣ್ಣಿಗೆ ಎರಡೂ ಒಂದೇ. ಡೇಟಾಬೇಸಿಗೆ ಎರಡು ಬೇರೆ ಪದ. ಕೋಟೆ ಎಂದು ಹುಡುಕಿದರೆ ಅರ್ಧ ಕೋಟೆ ಮಾತ್ರ ಸಿಗುತ್ತಿತ್ತು. ಪೈಥಾನಿನ ಎನ್‌ಎಫ್‌ಸಿ ನಾರ್ಮಲೈಸ್‌ನಲ್ಲಿ ಎಲ್ಲವನ್ನೂ ಒಮ್ಮೆ ಹಾಯಿಸಿ ಒಂದೇ ರೂಪಕ್ಕೆ ತಂದೆ, ಸರಿಹೋಯಿತು.

ಬ್ಯಾಕಪ್ ವಿಷಯದಲ್ಲಿ ನಾನೇ ಒಮ್ಮೆ ಎಡವಿದೆ. ಒಂದೇ ಫೈಲು ಅಲ್ವಾ, ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಆಯಿತು ಎಂದು ಮೇಷ್ಟ್ರಿಗೆ ಹೇಳಿಕೊಟ್ಟಿದ್ದೆ. ಆಮೇಲೆ ಒಂದು ಕಿಟಕಿಯಲ್ಲಿ ಬರೆಯುವಾಗ ಇನ್ನೊಂದರಲ್ಲಿ ಹುಡುಕಿದರೆ ಡೇಟಾಬೇಸ್ ಲಾಕ್ ಆಗಿದೆ ಎಂದು ಬರುತ್ತಿತ್ತು. ಅದಕ್ಕೆ ವಾಲ್ ಎಂಬ ವಿಧಾನಕ್ಕೆ ಬದಲಾಯಿಸಿದೆ. ಅದರಲ್ಲಿ ಹೊಸ ಬರವಣಿಗೆ ಮೊದಲು ಪಕ್ಕದ ಫೈಲಿಗೆ ಹೋಗಿ, ಆಮೇಲೆ ಮುಖ್ಯ ಫೈಲಿಗೆ ಸೇರುತ್ತದೆ. ಬರೆಯುವವರು ಬರೆಯುತ್ತಿದ್ದರೂ ಓದುವವರು ಓದಬಹುದು. ಒಳ್ಳೆಯದೇ. ಆದರೆ ಪ್ರೋಗ್ರಾಮ್ ತೆರೆದಿದ್ದಾಗಲೇ ಮೇಷ್ಟ್ರು ಮುಖ್ಯ ಫೈಲನ್ನು ಮಾತ್ರ ಕಾಪಿ ಮಾಡಿದ್ದರು. ಆ ನಕಲಿನಲ್ಲಿ ಆ ದಿನದ ಬರವಣಿಗೆಯೇ ಇರಲಿಲ್ಲ. ಅಸಲಿ ಫೈಲು ಸರಿಯಾಗಿದ್ದರಿಂದ ಬಚಾವ್. ಈಗ ಒಂದು ಗುಂಡಿ ಇಟ್ಟಿದ್ದೇನೆ, ಒತ್ತಿದರೆ ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಸೌಲಭ್ಯ ಬಳಸಿ ಪೆನ್‌ಡ್ರೈವಿಗೆ ಪೂರಾ ನಕಲು ಹೋಗುತ್ತದೆ. ಹಾಗೆಯೇ ಫೈಲನ್ನು ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ನಾಲ್ಕು ಕಂಪ್ಯೂಟರಿನಿಂದ ತೆರೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದಕ್ಕೆ ಇದು ಆಗಿಬರುವುದಿಲ್ಲ ಎಂದು ಮಾಡಿದವರೇ ಹೇಳುತ್ತಾರೆ.

ಕಲಿಯುವವರಿಗೆ ಹೇಗೆ ಎಂದು ನನ್ನ ಮಕ್ಕಳು ಕೇಳುತ್ತಾರೆ. ಕ್ವೆರಿ (ಡೇಟಾಬೇಸಿಗೆ ಪ್ರಶ್ನೆ ಕೇಳುವ ವಿಧಾನ) ಕಲಿಯಲು ಇದಕ್ಕಿಂತ ಸುಲಭದ್ದಿಲ್ಲ. ಎರಡು ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಜಾಂಗೋದಂಥ ವೆಬ್ ಚೌಕಟ್ಟು ಹಾಕಿದರೆ ಮೊದಲೇ ಇದೇ ಇರುತ್ತದೆ. ಆದರೆ ಪರೀಕ್ಷೆಗೆ ಇದೊಂದನ್ನೇ ನಂಬಿ ಹೋಗಬೇಡಿ. ಯೂಸರ್ ಇಲ್ಲದ ಮೇಲೆ ಅವರಿಗೆ ಅನುಮತಿ ಕೊಡುವ, ಹಿಂಪಡೆಯುವ ಗ್ರಾಂಟ್, ರಿವೋಕ್ ಎಲ್ಲಿಂದ ಬರಬೇಕು? ಡೇಟಾಬೇಸಿನೊಳಗೇ ಬರೆದಿಡುವ ಪ್ರೋಗ್ರಾಮ್, ಅಂದರೆ ಸ್ಟೋರ್ಡ್ ಪ್ರೊಸೀಜರ್ ಇಲ್ಲ. ಎರಡು ಟೇಬಲ್ ಜೋಡಿಸುವ ರೈಟ್ ಜಾಯಿನ್, ಫುಲ್ ಜಾಯಿನ್ ಬಂದದ್ದೇ 2022ರಲ್ಲಿ. ಫಾರಿನ್ ಕೀ (ಒಂದು ಟೇಬಲ್ಲಿನ ಮೌಲ್ಯ ಇನ್ನೊಂದರಲ್ಲಿ ಇರಲೇಬೇಕು ಎಂಬ ನಿಯಮ) ಬರೆದರೆ ಮರ್ಯಾದೆಯಿಂದ ಒಪ್ಪಿಕೊಳ್ಳುತ್ತದೆ, ಆದರೆ ಪ್ರತಿ ಸಲ ಫೈಲ್ ತೆರೆದಾಗ ಪ್ರಾಗ್ಮಾ ಎಂಬ ಆದೇಶ ಕೊಟ್ಟು ಆನ್ ಮಾಡದಿದ್ದರೆ ಪಾಲಿಸುವುದಿಲ್ಲ. ಲ್ಯಾಬಿನಲ್ಲಿ ಇದನ್ನು ನಾನು ಬೇಕೆಂದೇ ಹೇಳುವುದಿಲ್ಲ. ಇಲ್ಲದ ವಿದ್ಯಾರ್ಥಿಗೆ ಅಂಕ ಸೇರಿಸಿ ನೋಡಿ ಅನ್ನುತ್ತೇನೆ. ಸೇರುತ್ತದೆ. "ಮೇಡಂ, ಫಾರಿನ್ ಕೀ ಹಾಕಿದ್ವಲ್ಲ!" ಎಂದು ಹುಡುಗರು ಕೂಗುವ ಆ ಐದು ನಿಮಿಷ ಇಡೀ ಸೆಮಿಸ್ಟರಿನಲ್ಲಿ ನನಗೆ ಇಷ್ಟದ್ದು.

ವೆಬ್‌ಸೈಟಿಗೆ ಹಾಕಬಹುದಾ? ಹಾಕಬಹುದು. ದಿನಕ್ಕೆ 1 ಲಕ್ಷ ಹಿಟ್‌ಗಿಂತ ಕಡಿಮೆ ಇರುವ ಸೈಟಿಗೆ ಧಾರಾಳ ಸಾಕು ಎಂದು ಅವರೇ ಹೇಳುತ್ತಾರೆ. ಆದರೆ ಒಂದು ಹೊತ್ತಿಗೆ ಬರೆಯುವವರು ಒಬ್ಬರೇ, ಉಳಿದವರು ಸಾಲಿನಲ್ಲಿ ಕಾಯಬೇಕು. ಫಲಿತಾಂಶ ನೋಡುವ ಸೈಟಿಗೆ ಸರಿ. ಎಲ್ಲರೂ ಒಟ್ಟಿಗೆ ಮುಗಿಬಿದ್ದು ಅರ್ಜಿ ತುಂಬುವ ಸೈಟಿಗೆ, ಸರ್ವರ್ ಇರುವ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಕಡೆ ಹೋಗಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ 104 ಸಾಲಿಗೆ.

ಪೆನ್‌ಡ್ರೈವ್ ಈಗ ಮೇಷ್ಟ್ರ ಕವಳದ ಸಂಚಿಯಲ್ಲಿರುತ್ತದೆ, ಎಲೆ ಅಡಿಕೆಯ ಜತೆ. ಶನಿವಾರ ಸಂಜೆ ಗುಂಡಿ ಒತ್ತಿ, ಬೆಳಕು ಮಿನುಗಿ ನಿಂತ ಮೇಲೆ ತೆಗೆದು, ಸುಣ್ಣ ತಾಗದ ಹಾಗೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಟ್ಟುಕೊಳ್ಳುತ್ತಾರೆ. "ಪೂರಾ ಲೈಬ್ರರಿ ಇದರಲ್ಲಿದೆ ಅಂತೀಯಲ್ಲ ತಂಗೀ, ಭಾರವೇ ಇಲ್ಲ" ಅಂತ ಪ್ರತಿ ಸಲ ಒಮ್ಮೆ ಕೈಯಲ್ಲಿ ತೂಗಿ ನೋಡುತ್ತಾರೆ.